ನಿಧಾನಕ್ಕೆ ಹೋಗುವಾಗ ಗಾಡಿ ಜರ್ಕ್ ಹೊಡೆದರೆ: ಮೊದಲು ಸಡಿಲ ಹುಡುಕಿ, ಮಾರ್ಪಾಡು ಆಮೇಲೆ

ಪ್ರಶ್ನೆ: ನನ್ನದು 200 ಸಿಸಿ, ಒಂದೇ ಸಿಲಿಂಡರಿನ ಬಿಎಸ್6 ಬೈಕ್. ಎಕ್ಸಲರೇಟರ್ ಕೇಬಲ್‌ನದ್ದು, ಎಲೆಕ್ಟ್ರಾನಿಕ್ ಅಲ್ಲ. 22 ಸಾವಿರ ಕಿಲೋಮೀಟರ್ ಓಡಿದೆ. ಕೆಲಸಕ್ಕಾಗಿ ಗದಗದಿಂದ ಹುಬ್ಬಳ್ಳಿಗೆ ಆಗಾಗ ಹೋಗಿಬರುತ್ತೇನೆ. ಹೈವೇಯಲ್ಲಿ ಏನೂ ತಕರಾರಿಲ್ಲ. ಆದರೆ ಬೆಟಗೇರಿಯ ಸಂದಿಗಳಲ್ಲಿ, ಟಾಂಗಾಕೂಟದ ಗದ್ದಲದಲ್ಲಿ, ದುರ್ಗದಬೈಲಿನ ಮಾರ್ಕೆಟ್ಟಿನಲ್ಲಿ 15-20ರ ವೇಗದಲ್ಲಿ ಹೋಗುವಾಗ ಎಕ್ಸಲರೇಟರ್ ಸ್ವಲ್ಪ ಬಿಟ್ಟು ಮತ್ತೆ ಕೊಟ್ಟರೆ ಗಾಡಿ ಮುಂದಕ್ಕೆ ಜಿಗಿಯುತ್ತದೆ. ಹಿಂದೆ ಕೂತ ಮನೆಯವರ ತಲೆ ನನ್ನ ಹೆಲ್ಮೆಟ್ಟಿಗೆ ಬಡಿಯುತ್ತದೆ. ಆನ್‌ಲೈನಿನಲ್ಲಿ ಸಿಗುವ ಒಂದು ಚಿಕ್ಕ ಸೆನ್ಸರ್ ಪ್ಲಗ್ ಹಾಕು ಅಂತ ಒಬ್ಬ ಗೆಳೆಯ ಹೇಳುತ್ತಾನೆ. ಮುಂದಿನ ಸ್ಪ್ರಾಕೆಟ್ (ಚೈನ್ ಓಡುವ ಹಲ್ಲಿನ ಗಾಲಿ) ಚಿಕ್ಕದು ಹಾಕು ಅಂತ ಇನ್ನೊಬ್ಬ. ಎಕ್ಸಲರೇಟರ್ ಗಾಲಿಯನ್ನೇ ಅರ ಹಾಕಿ ತೀಡು ಅಂತ ಮತ್ತೊಬ್ಬ. ಮನೆಯಲ್ಲೇ ಏನು ಮಾಡಬಹುದು? ಹುಬ್ಬಳ್ಳಿಗೆ ತಂದು ತೋರಿಸಲೇಬೇಕಾ?

ಉತ್ತರ: ಮೂವರು ಗೆಳೆಯರೂ ಕೊನೆಯ ಮೆಟ್ಟಿಲಿನಿಂದ ಶುರು ಮಾಡಿದ್ದಾರೆ. 22 ಸಾವಿರ ಓಡಿದ ಗಾಡಿ ನಿಧಾನ ವೇಗದಲ್ಲಿ ಜಿಗಿಯುತ್ತದೆ ಅಂದರೆ ನಾನು ಮೊದಲು ಕೈ ಹಾಕುವುದು ಚೈನಿಗೆ, ಆಮೇಲೆ ಹಿಂದಿನ ಗಾಲಿಯ ನಡುವಿನ ಹಬ್ಬಿನೊಳಗಿರುವ ರಬ್ಬರಿಗೆ, ಆಮೇಲೆ ಎಕ್ಸಲರೇಟರ್ ಕೇಬಲ್ಲಿಗೆ. ಈ ಮೂರೂ ಕಡೆ ಸಡಿಲ ಸೇರಿಕೊಂಡಿರುತ್ತದೆ. ಅದನ್ನು ತೆಗೆಯದೆ ಯಾವ ಪ್ಲಗ್ ಹಾಕಿದರೂ ದುಡ್ಡು ದಂಡ.

ಯಾಕೆ ಜಿಗಿಯುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮದು ಒಂದೇ ಸಿಲಿಂಡರ್. 2,000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 2,000 ಸುತ್ತು) ಎರಡು ಸುತ್ತಿಗೊಮ್ಮೆ ಕಿಡಿ ಹೊತ್ತುತ್ತದೆ. ಅಂದರೆ ಸೆಕೆಂಡಿಗೆ ಹದಿನೇಳು ಹೊಡೆತ ಮಾತ್ರ. ಒಂದೊಂದು ಹೊಡೆತವೂ ಚೈನಿನ ಮೂಲಕ ಗಾಲಿಗೆ ಬಿಡಿಬಿಡಿಯಾಗಿ ತಲುಪುತ್ತದೆ. ಇದರ ಮೇಲೆ, ನೀವು ಎಕ್ಸಲರೇಟರ್ ಪೂರ್ತಿ ಬಿಟ್ಟಾಗ ಇಂಜೆಕ್ಷನ್ ಗಾಡಿಯ ಇಸಿಯು (ಇಂಜಿನ್ ನಡೆಸುವ ಚಿಕ್ಕ ಕಂಪ್ಯೂಟರ್) ಪೆಟ್ರೋಲ್ ಹರಿಯುವುದನ್ನೇ ನಿಲ್ಲಿಸುತ್ತದೆ. ಇದು ಮೈಲೇಜಿಗೂ ಹೊಗೆ ನಿಯಮಕ್ಕೂ ಬೇಕಾದ ಏರ್ಪಾಡು. ಆಗ ಇಂಜಿನ್ ಗಾಲಿಯನ್ನು ಹಿಂದಕ್ಕೆ ಹಿಡಿಯುತ್ತದೆ. ಚೈನಿನ ಮೇಲಿನ ಸಾಲು ಸಡಿಲಾಗಿ ಕೆಳಗಿನ ಸಾಲು ಬಿಗಿಯಾಗುತ್ತದೆ. ಮತ್ತೆ ಎಕ್ಸಲರೇಟರ್ ಕೊಟ್ಟಾಗ ಪೆಟ್ರೋಲ್ ವಾಪಸ್ ಬರುತ್ತದೆ, ಇಂಜಿನ್ ಮುಂದಕ್ಕೆ ತಿರುಗುತ್ತದೆ. ಆದರೆ ಚೈನಿನ ಸಡಿಲ ಮುಗಿಯುವವರೆಗೆ ಗಾಲಿಗೆ ಏನೂ ತಲುಪುವುದಿಲ್ಲ. ಆ ಒಂದು ಕ್ಷಣದಲ್ಲಿ ನೀವು "ಇನ್ನೂ ಎಳೀತಿಲ್ಲವಲ್ಲ" ಅಂತ ಇನ್ನೊಂದಿಷ್ಟು ತಿರುವಿರುತ್ತೀರಿ. ಸಡಿಲ ಮುಗಿದ ಕೂಡಲೇ ಅಷ್ಟೂ ಶಕ್ತಿ ಒಮ್ಮೆಲೇ ಗಾಲಿಗೆ ಬಡಿಯುತ್ತದೆ. ಟ್ರ್ಯಾಕ್ಟರಿಗೆ ಸಡಿಲ ಹಗ್ಗದಲ್ಲಿ ಟ್ರೇಲರ್ ಕಟ್ಟಿ ಎಳೆದರೆ ಹೇಗೋ ಹಾಗೆ.

ಇನ್ನೊಂದು ಸಂಗತಿಯೂ ಇದೆ. ಕಡಿಮೆ ಆರ್‌ಪಿಎಂನಲ್ಲಿ ಇಂಜಿನ್ ಎಳೆದುಕೊಳ್ಳುವ ಗಾಳಿಯೇ ಕಡಿಮೆ. ಹಾಗಾಗಿ ಥ್ರಾಟಲ್ ಬಾಡಿಯ (ಇಂಜಿನ್ನಿಗೆ ಗಾಳಿ ಬಿಡುವ ಕೊಳವೆ) ತಟ್ಟೆ ಸ್ವಲ್ಪ ತೆರೆದರೂ ಆ ಆರ್‌ಪಿಎಂನಲ್ಲಿ ಸಿಗಬೇಕಾದ ಶಕ್ತಿಯ ದೊಡ್ಡ ಪಾಲು ಸಿಕ್ಕಿಬಿಡುತ್ತದೆ. ನಿಮ್ಮ ಕೈಯ ಮೊದಲ ಹತ್ತು ಹದಿನೈದು ಡಿಗ್ರಿ ತಿರುವಿನಲ್ಲೇ ಆಟವೆಲ್ಲ ಮುಗಿದಿರುತ್ತದೆ. ಅಣ್ಣಿಗೇರಿ ದಾಟಿ 70ರಲ್ಲಿ ಹೋಗುವಾಗ ಅದೇ ಹದಿನೈದು ಡಿಗ್ರಿ ಲೆಕ್ಕಕ್ಕೇ ಬರುವುದಿಲ್ಲ. ನಿಮಗೆ ಹೈವೇಯಲ್ಲಿ ತಕರಾರು ಕಾಣದಿರುವುದು ಇದಕ್ಕೇ.

ಈಗ ಚೈನಿಗೆ ಬರೋಣ. ಹುಬ್ಬಳ್ಳಿ-ಗದಗ ರಸ್ತೆಯಲ್ಲಿ ಮಳೆಗಾಲ ಓಡಿಸುವವರ ಚೈನು ನೋಡಿದರೇ ಗೊತ್ತಾಗುತ್ತದೆ. ಹೊಲದಿಂದ ಹತ್ತಿದ ಟ್ರ್ಯಾಕ್ಟರ್ ಗಾಲಿಗಳು ಎರೆ ಮಣ್ಣನ್ನು ಡಾಂಬರಿಗೆ ತಂದು ಹಾಕುತ್ತವೆ. ಅದು ಚೈನಿನ ಎಣ್ಣೆಗೆ ಅಂಟಿ, ಒಣಗಿ, ಕೊಂಡಿಗಳನ್ನು ಬಿಗಿ ಮಾಡುತ್ತದೆ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಇಂಥ ಚೈನನ್ನು ಎಷ್ಟು ಹೊಂದಿಸಿದರೂ ನಿಧಾನ ವೇಗದಲ್ಲಿ ತಾಳ ತಪ್ಪುತ್ತದೆ.

ಇಂಜಿನ್ ಬಂದ್ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು, ಹಿಂದಿನ ಗಾಲಿ ಎತ್ತಿ ಕೈಯಿಂದ ತಿರುಗಿಸಿ. ಇಂಜಿನ್ ಚಾಲೂ ಇಟ್ಟು ಗೇರಿನಲ್ಲಿ ಚೈನ್ ಒರೆಸುವ ಅಭ್ಯಾಸ ಬಹಳ ಜನರಿಗಿದೆ. ಬಟ್ಟೆ ಸಿಕ್ಕಿಕೊಂಡರೆ ಬೆರಳು ಸ್ಪ್ರಾಕೆಟ್ ಒಳಗೇ ಹೋಗುತ್ತದೆ, ಖಂಡಿತ ಬೇಡ. ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್ ಹಾಕಿ, ಮೆತ್ತನೆಯ ಬ್ರಶ್ಶಿನಿಂದ ತೊಳೆಯಿರಿ. ಪೆಟ್ರೋಲ್ ಬೇಡ, ತಂತಿ ಬ್ರಶ್ ಬೇಡ, ಕೊಂಡಿಗಳ ನಡುವಿನ ಓ-ರಿಂಗ್ ಹಾಳಾಗುತ್ತದೆ. ಒರೆಸಿ, 90 ನಂಬರಿನ ಗೇರ್ ಆಯಿಲ್ ಅಥವಾ ಚೈನ್ ಸ್ಪ್ರೇ ಒಳಬದಿಗೆ ಹಾಕಿ, ಹೆಚ್ಚಾದದ್ದನ್ನು ಒರೆಸಿಬಿಡಿ. ಆಮೇಲೆ ಕೆಳಗಿನ ಸಾಲಿನ ನಡುಭಾಗವನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿ ಅಳೆಯಿರಿ. ನಿಮ್ಮ ತರಹದ ಗಾಡಿಗಳಿಗೆ ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಇರಬೇಕು. ನಿಮ್ಮ ಗಾಡಿಯ ಸರಿಯಾದ ಅಂಕಿ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ, ಬಹಳ ಗಾಡಿಗಳಲ್ಲಿ ಸ್ವಿಂಗ್‌ಆರ್ಮ್ (ಹಿಂದಿನ ಗಾಲಿಯನ್ನು ಹಿಡಿದಿರುವ ತೋಳು) ಮೇಲೂ ಸ್ಟಿಕರ್ ಇರುತ್ತದೆ. ಸ್ಟ್ಯಾಂಡ್ ಮೇಲೆ ಅಳೆಯಬೇಕೋ, ಗಾಲಿ ನೆಲದ ಮೇಲಿದ್ದಾಗಲೋ ಅನ್ನುವುದನ್ನೂ ಅದರಲ್ಲೇ ನೋಡಿಕೊಳ್ಳಿ. ಗಾಲಿ ತಿರುಗಿಸುತ್ತ ನಾಲ್ಕೈದು ಕಡೆ ಅಳೆದು, ಎಲ್ಲಿ ಅತಿ ಬಿಗಿ ಇದೆಯೋ ಅಲ್ಲಿಗೆ ಹೊಂದಿಸಿ.

ಇಲ್ಲಿ ಒಂದು ಎಚ್ಚರ. "ಸಡಿಲ ಬೇಡ ಅಂದರಲ್ಲ" ಅಂತ ತಂತಿಯ ಹಾಗೆ ಬಿಗಿ ಮಾಡಬೇಡಿ. ಇಬ್ಬರು ಕೂತು ಹಂಪ್ ಹಾರಿಸಿದಾಗ ಸ್ವಿಂಗ್‌ಆರ್ಮ್ ಮೇಲೇಳುತ್ತದೆ, ಚೈನ್ ಇನ್ನೂ ಬಿಗಿಯಾಗುತ್ತದೆ. ಆಗ ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟಿನ ಬೇರಿಂಗಿಗೆ ಪೆಟ್ಟು. ಅದರ ಖರ್ಚು ಚೈನ್ ಸೆಟ್ಟಿಗಿಂತ ಎಷ್ಟೋ ಜಾಸ್ತಿ. ಬಿಗಿ ಜಾಗಕ್ಕೂ ಸಡಿಲ ಜಾಗಕ್ಕೂ ಬಹಳ ವ್ಯತ್ಯಾಸ ಇದ್ದರೆ, ಸ್ಪ್ರಾಕೆಟ್ ಹಲ್ಲು ಚೂಪಾಗಿ ಒಂದೇ ಕಡೆ ಬಾಗಿದ್ದರೆ, ಹೊಂದಿಸುವ ಕಾಲ ಮುಗಿಯಿತು. ಪೂರ್ತಿ ಸೆಟ್ ಬದಲಾಯಿಸಿ.

ಇನ್ನು ಹಬ್ ರಬ್ಬರ್. ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಹಿಂದಿನ ದೊಡ್ಡ ಸ್ಪ್ರಾಕೆಟ್ ನೇರವಾಗಿ ಗಾಲಿಗೆ ಕೂತಿರುವುದಿಲ್ಲ. ನಡುವೆ ರಬ್ಬರ್ ಗಟ್ಟಿಗಳಿರುತ್ತವೆ. ಇಂಜಿನ್ನಿನ ಹೊಡೆತ ನುಂಗಿಕೊಳ್ಳುವುದು ಅವುಗಳ ಕೆಲಸ. ವರ್ಷಗಟ್ಟಲೆ ಒತ್ತಿಸಿಕೊಂಡು ಅವು ತೆಳ್ಳಗಾಗುತ್ತವೆ, ಆ ಜಾಗದಲ್ಲಿ ಸಂದು ಹುಟ್ಟುತ್ತದೆ. ಚೈನ್ ಎಷ್ಟೇ ಸರಿ ಇದ್ದರೂ ಈ ಸಂದು ಇದ್ದರೆ ಗಾಡಿ ಜಿಗಿಯುತ್ತದೆ. ಸರ್ವಿಸಿನಲ್ಲಿ ಚೈನ್ ನೋಡುತ್ತಾರೆ, ಇದನ್ನು ನೋಡುವುದು ಅಪರೂಪ.

ಪರೀಕ್ಷೆ ಸುಲಭ. ಹಿಂದಿನ ಗಾಲಿಯನ್ನು ಒಬ್ಬರು ಅಲುಗಾಡದಂತೆ ಹಿಡಿಯಲಿ. ನೀವು ಸ್ಪ್ರಾಕೆಟ್ಟನ್ನು ಹಿಡಿದು ಹಿಂದೆ ಮುಂದೆ ತಿರುಗಿಸಲು ನೋಡಿ. ಬಿಗಿಯಾಗಿ ರಬ್ಬರ್ ಒತ್ತಿದ ಹಾಗೆ ಅನ್ನಿಸಿದರೆ ಸರಿ. "ಟಕ್ ಟಕ್" ಅಂತ ಸಲೀಸಾಗಿ ಆಡಿದರೆ ರಬ್ಬರ್ ಹೋಗಿದೆ. ಅಂಗಡಿಯಲ್ಲಿ ಡ್ಯಾಂಪರ್ ರಬ್ಬರ್ ಅಥವಾ ಕಪ್ಲಿಂಗ್ ರಬ್ಬರ್ ಅಂತ ಕೇಳಿ, ನಿಮ್ಮ ಮಾಡೆಲ್ ಹೆಸರು ಹೇಳಿದರೆ ಕೊಡುತ್ತಾರೆ. ಗಾಲಿ ಬಿಚ್ಚಲು ಬಂದವರಿಗೆ ಇದು ಒಂದು ಭಾನುವಾರ ಬೆಳಿಗ್ಗೆಯ ಕೆಲಸ.

ಹಳೆಯ ಮಿಸ್ತ್ರಿಗಳ ಒಂದು ಉಪಾಯ ಇದೆ, ಅದು ನನಗೂ ಇಷ್ಟ. ರಬ್ಬರ್ ಇನ್ನೂ ಒಡೆದಿಲ್ಲ, ಸ್ವಲ್ಪ ಸವೆದಿದೆ ಅಷ್ಟೇ ಅನ್ನುವಾಗ, ಹಳೆಯ ಬೈಕ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ರಬ್ಬರ್ ಗಟ್ಟಿಗೂ ಹಬ್ಬಿನ ಗೋಡೆಗೂ ನಡುವೆ ಕೂರಿಸುತ್ತಾರೆ. ಒಂದೊಂದು ಖಾನೆಗೂ ಒಂದೇ ಪದರ, ಎಲ್ಲ ಖಾನೆಗೂ ಸಮ. ಸ್ಪ್ರಾಕೆಟ್ ಕೂರುವ ತಟ್ಟೆಯನ್ನು ಅಂಗೈಯಿಂದ ಒತ್ತಿದರೆ ಪೂರ್ತಿ ಒಳಗೆ ಕೂರಬೇಕು. ಸುತ್ತಿಗೆಯಿಂದ ಬಡಿದು ಕೂರಿಸಬೇಕಾಗಿ ಬಂದರೆ ಜಾಸ್ತಿ ತುಂಬಿದ್ದೀರಿ ಅಂತ ಅರ್ಥ. ಆಗ ರಬ್ಬರಿಗೆ ನುಂಗಲು ಜಾಗವೇ ಇಲ್ಲದೆ ಹೊಡೆತ ಗೇರ್‌ಬಾಕ್ಸಿಗೆ ಹೋಗುತ್ತದೆ. ಮತ್ತೆ ಗಾಲಿ ಹಾಕುವಾಗ ಎರಡೂ ಬದಿಯ ಚೈನ್ ಅಡ್ಜಸ್ಟರಿನ ಗುರುತು ಒಂದೇ ಗೀಟಿಗೆ ಬಂದಿದೆಯಾ ನೋಡಿ. ಆಕ್ಸಲ್ ನಟ್ಟನ್ನು ಮ್ಯಾನ್ಯುಯಲ್ ಹೇಳಿದ ಟಾರ್ಕಿಗೆ (ತಿರುಚುವ ಬಲಕ್ಕೆ) ಬಿಗಿಯಿರಿ. ಟಾರ್ಕ್ ಪಾನಾ ಇಲ್ಲದಿದ್ದರೆ ಹತ್ತಿರದ ಗ್ಯಾರೇಜಿನಲ್ಲಿ ಅದೊಂದನ್ನು ಮಾಡಿಸಿಕೊಳ್ಳಿ.

ಗೇರ್‌ಬಾಕ್ಸ್ ಒಳಗೂ ಒಂದಿಷ್ಟು ಸಂದು ಇರುತ್ತದೆ. ಅದು ಗೇರ್ ಬೀಳಲು ಕಂಪನಿಯೇ ಇಟ್ಟದ್ದು. ಅದರ ತಂಟೆಗೆ ಹೋಗಬೇಡಿ.

ಮೂರನೆಯದು ಎಕ್ಸಲರೇಟರ್ ಕೇಬಲ್. ಹಿಡಿಕೆ ತಿರುಗಲು ಶುರುವಾದ ಮೇಲೂ ಥ್ರಾಟಲ್ ಬಾಡಿಯ ಗಾಲಿ ಅಲುಗುವವರೆಗೆ ಒಂದಿಷ್ಟು ಖಾಲಿ ತಿರುವು ಇರುತ್ತದೆ. ಹಿಡಿಕೆಯ ಅಂಚಿನಲ್ಲಿ ಅಳೆದರೆ ಅದು 2-3 ಮಿ.ಮೀ. ಇದ್ದರೆ ಚೆಂದ. ಕೆಲವು ಕಂಪನಿಗಳು 6ರವರೆಗೂ ಒಪ್ಪುತ್ತವೆ. ಅದಕ್ಕಿಂತ ಜಾಸ್ತಿ ಇದ್ದರೆ ನಿಮ್ಮ ಕೈಗೆ ಎಲ್ಲಿ ಶುರು ಅನ್ನುವುದೇ ತಿಳಿಯುವುದಿಲ್ಲ. ಖಾಲಿ ತಿರುವು ದಾಟಿ ಒಮ್ಮೆಲೇ ಒಳಗೆ ಹೋಗಿರುತ್ತೀರಿ. ಹಿಡಿಕೆಯ ಹತ್ತಿರದ ಲಾಕ್ ನಟ್ ಸಡಿಲಿಸಿ, ಅಡ್ಜಸ್ಟರ್ ತಿರುಗಿಸಿ, ಮತ್ತೆ ಲಾಕ್ ಮಾಡಿ. ಅಲ್ಲಿ ಸಾಲದಿದ್ದರೆ ಮಾತ್ರ ಥ್ರಾಟಲ್ ಬಾಡಿ ಬದಿಯ ಅಡ್ಜಸ್ಟರ್ ಮುಟ್ಟಿ. ಆಮೇಲೆ ಗಾಡಿ ಚಾಲೂ ಮಾಡಿ, ಹ್ಯಾಂಡಲನ್ನು ಪೂರ್ತಿ ಎಡಕ್ಕೂ ಪೂರ್ತಿ ಬಲಕ್ಕೂ ತಿರುಗಿಸಿ. ಆರ್‌ಪಿಎಂ ಒಂಚೂರೂ ಏರಬಾರದು. ಏರಿದರೆ ಕೇಬಲ್ ಅತಿ ಬಿಗಿಯಾಗಿದೆ, ಇಲ್ಲವೇ ಅದರ ದಾರಿ ತಪ್ಪಿದೆ. ಮೊಬೈಲ್ ಹೋಲ್ಡರ್, ಟ್ಯಾಂಕ್ ಬ್ಯಾಗ್ ಹಾಕಿಸಿದವರ ಗಾಡಿಗಳಲ್ಲಿ ಕೇಬಲ್ಲನ್ನು ಪ್ಲಾಸ್ಟಿಕ್ ಟೈ ಹಾಕಿ ಎಳೆದು ಕಟ್ಟಿರುತ್ತಾರೆ. ಅದನ್ನು ಕತ್ತರಿಸಿದ ಕೂಡಲೇ ಅರ್ಧ ರೋಗ ವಾಸಿ. ಖಾಲಿ ತಿರುವನ್ನು ಸೊನ್ನೆ ಮಾಡುವ ಆಸೆ ಬೇಡ. ಥ್ರಾಟಲ್ ಪೂರ್ತಿ ಮುಚ್ಚಿದೆ ಅಂತ ಸೆನ್ಸರಿಗೆ ತಿಳಿಯದಿದ್ದರೆ ಇಸಿಯು ಐಡ್ಲಿಂಗನ್ನೇ (ಎಕ್ಸಲರೇಟರ್ ಕೊಡದಿದ್ದಾಗ ಇಂಜಿನ್ ಓಡುವ ವೇಗ) ಗೊಂದಲ ಮಾಡಿಕೊಳ್ಳುತ್ತದೆ.

ಕೇಬಲ್ ಒರಟಾಗಿ ಓಡುತ್ತಿದ್ದರೆ ಹೊಸದು ಹಾಕಿಬಿಡಿ. ಎಣ್ಣೆ ಬಿಟ್ಟು ನೋಡೋಣ ಅಂತ ಕೂರಬೇಡಿ. ಒಳಗೆ ನೈಲಾನ್ ಪದರ ಇರುವ ಕೇಬಲ್ಲಿಗೆ ಎಣ್ಣೆ ಬೇಕಿಲ್ಲ, ನಮ್ಮ ಕಡೆಯ ಧೂಳಿಗೆ ಅದು ಅಂಟು ಆಗುತ್ತದೆ ಅಷ್ಟೇ. ಕ್ಲಚ್ ಕೇಬಲ್ಲಿನ ಸಡಿಲವನ್ನೂ ಇದೇ ಹೊತ್ತಿನಲ್ಲಿ ನೋಡಿಕೊಳ್ಳಿ.

ಇಷ್ಟು ಮಾಡಿ ಒಂದು ವಾರ ಓಡಿಸಿ. ಬಹಳ ಗಾಡಿಗಳ ಕಥೆ ಇಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಗಾಳಿ-ಪೆಟ್ರೋಲಿನ ಕಡೆ ನೋಡಿ. ನ್ಯೂಟ್ರಲ್‌ನಲ್ಲಿ ನಿಂತು, ಇಂಜಿನ್ ಕಾದ ಮೇಲೆ, ಎಕ್ಸಲರೇಟರನ್ನು ಬಹಳ ನಿಧಾನವಾಗಿ ತೆರೆಯಿರಿ. ಆರ್‌ಪಿಎಂ ಒಂದೇ ಸಮ ಏರಿದರೆ ಈ ಕಡೆ ದೊಡ್ಡ ದೋಷ ಇರುವುದು ಕಡಿಮೆ. ನಡುವೆ ಮುಗ್ಗರಿಸಿದರೆ ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಥ್ರಾಟಲ್ ಬಾಡಿ ಮೂರನ್ನೂ ನೋಡಬೇಕು. ತಟ್ಟೆಯ ಅಂಚಿನಲ್ಲಿ ಕಪ್ಪು ಮಸಿ ಕೂತಿದ್ದರೆ ಮೊದಲ ಒಂದೆರಡು ಡಿಗ್ರಿಯಲ್ಲಿ ಗಾಳಿ ಸರಿಯಾಗಿ ಹರಿಯುವುದಿಲ್ಲ. ಥ್ರಾಟಲ್ ಬಾಡಿ ಕ್ಲೀನರನ್ನು ಮೆತ್ತನೆಯ ಬಟ್ಟೆಗೆ ಹಾಕಿ ಒರೆಸಿ. ಬಣ್ಣ ಹಾಕಿ ಸೀಲ್ ಮಾಡಿದ ಸ್ಕ್ರೂ ಕಂಡರೆ ಅದಕ್ಕೆ ಕೈ ಮುಗಿದು ಬಿಟ್ಟುಬಿಡಿ. ಥ್ರಾಟಲ್ ಬಾಡಿಗೂ ಇಂಜಿನ್ನಿಗೂ ನಡುವಿನ ರಬ್ಬರ್ ಬಿರುಕು ಬಿಟ್ಟಿದೆಯಾ ಅಂತ ತಿಳಿಯಲು, ಐಡ್ಲಿಂಗಿನಲ್ಲಿ ಸೋಪಿನ ನೀರನ್ನು ಅದರ ಸುತ್ತ ಸ್ವಲ್ಪ ಚಿಮುಕಿಸಿ. ಇಂಜಿನ್ ಸದ್ದು ಬದಲಾದರೆ ಅಲ್ಲಿ ಕಳ್ಳ ಗಾಳಿ ನುಗ್ಗುತ್ತಿದೆ. ಕೆಲವರು ಇದಕ್ಕೆ ಪೆಟ್ರೋಲ್ ಚಿಮುಕಿಸುತ್ತಾರೆ, ಬಿಸಿ ಇಂಜಿನ್ ಮೇಲೆ ಅದು ಬೆಂಕಿಗೆ ಆಹ್ವಾನ. ಸೈಲೆನ್ಸರ್ ಬದಲಾಯಿಸಿದ್ದೀರೋ ಇಲ್ಲವೋ ನೀವು ಬರೆದಿಲ್ಲ. ಬದಲಾಯಿಸಿದ್ದರೆ ಕಂಪನಿಯದ್ದನ್ನೇ ಮತ್ತೆ ಹಾಕಿ, ಆಮೇಲೆ ಮಾತಾಡೋಣ.

ಈಗ ನಿಮ್ಮ ಗೆಳೆಯರ ಸಲಹೆಗಳು.

ಸೆನ್ಸರ್ ಪ್ಲಗ್ ಮಾಡುವುದು ಇಷ್ಟೇ: ಗಾಳಿಯ ಬಿಸಿ ಅಳೆಯುವ ಸೆನ್ಸರಿನ ತಂತಿಗೆ ಒಂದಿಷ್ಟು ರೆಸಿಸ್ಟೆನ್ಸ್ ಸೇರಿಸಿ "ಗಾಳಿ ತಣ್ಣಗಿದೆ" ಅಂತ ಇಸಿಯುಗೆ ಸುಳ್ಳು ಹೇಳುವುದು. ತಣ್ಣನೆಯ ಗಾಳಿ ದಟ್ಟ, ಅದಕ್ಕೆ ಪೆಟ್ರೋಲ್ ಜಾಸ್ತಿ ಬೇಕು ಅಂತ ಇಸಿಯು ನಂಬಿ ಹೆಚ್ಚು ಹಾಕುತ್ತದೆ. ಸುಳ್ಳು ಸ್ವಲ್ಪ ಹೊತ್ತು ನಡೆಯುತ್ತದೆ. ಆದರೆ ಸೈಲೆನ್ಸರಿನಲ್ಲಿ ಆಕ್ಸಿಜನ್ ಸೆನ್ಸರ್ ಕೂತಿದೆ ಅಲ್ವಾ? ಒಂದೇ ವೇಗದಲ್ಲಿ ನಿಧಾನವಾಗಿ ಹೋಗುವಾಗ ಅದು ಹೊಗೆ ನೋಡಿ, ಹೆಚ್ಚಾದ ಪೆಟ್ರೋಲನ್ನು ಕಡಿಮೆ ಮಾಡಿಸುತ್ತದೆ. ಅಂದರೆ ನಿಮಗೆ ಎಲ್ಲಿ ಬೇಕೋ ಅಲ್ಲೇ ಅದರ ಆಟ ಬಹಳಷ್ಟು ನಡೆಯುವುದಿಲ್ಲ. ಇದರ ಜೊತೆಗೆ ಕಾನೂನಿನ ತೊಡಕು. ಕಂಪನಿ ಕೊಟ್ಟ ಮೂಲ ವಿವರದಿಂದ ಗಾಡಿಯನ್ನು ಬದಲಾಯಿಸುವುದರ ಮೇಲೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮಿತಿ ಹಾಕುತ್ತದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಒಪ್ಪಿಗೆ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಹೊಗೆ ನಿಯಮಕ್ಕೆ ಸಂಬಂಧಪಟ್ಟ ಭಾಗ ಮುಟ್ಟಿದರೆ ವಾರಂಟಿ ಮಾತೂ ಬರುತ್ತದೆ. ನಾನಾಗಿದ್ದರೆ ಹಾಕುವುದಿಲ್ಲ.

ಚಿಕ್ಕ ಸ್ಪ್ರಾಕೆಟ್ ಸಲಹೆಯಲ್ಲಿ ಅರ್ಥ ಇದೆ, ಆದರೆ ಪೂರ್ತಿ ಅಲ್ಲ. ಮುಂದೆ 14 ಹಲ್ಲು ಇದ್ದ ಕಡೆ 13 ಹಾಕಿದರೆ ಅದೇ ವೇಗಕ್ಕೆ ಇಂಜಿನ್ ಸುಮಾರು ಶೇ. 8ರಷ್ಟು ಜಾಸ್ತಿ ತಿರುಗುತ್ತದೆ. 20ರ ವೇಗದಲ್ಲಿ ಎರಡನೇ ಗೇರಿನಲ್ಲಿ ಇಂಜಿನ್ ಒದ್ದಾಡುತ್ತಿದ್ದರೆ ಅದು ಸ್ವಲ್ಪ ಸುಧಾರಿಸುತ್ತದೆ. ಆದರೆ ಮೊದಲ ಗೇರಿನಲ್ಲಿ ಗಾಲಿಗೆ ಹೋಗುವ ಬಲವೂ ಅಷ್ಟೇ ಜಾಸ್ತಿ, ಅಲ್ಲಿ ಜರ್ಕ್ ಇನ್ನೂ ಗಟ್ಟಿಯಾಗುತ್ತದೆ. ಹುಬ್ಬಳ್ಳಿ ದಾರಿಯಲ್ಲಿ 4,500ರಲ್ಲಿ ಹೋಗುತ್ತಿದ್ದ ಇಂಜಿನ್ 4,850ರ ಹತ್ತಿರ ಕೂಗುತ್ತದೆ. ನಿಮ್ಮ ಓಡಾಟದಲ್ಲಿ ಹೈವೇ ಪಾಲು ದೊಡ್ಡದು. ಊರೊಳಗೇ ಓಡಿಸುವವರಿಗಾದರೆ ಹಾಕಿ ನೋಡಿ ಅನ್ನುತ್ತಿದ್ದೆ.

ಅರ ಹಾಕಿ ತೀಡುವ ಸಲಹೆಯ ಹಿಂದಿನ ಲೆಕ್ಕ ಸರಿ ಇದೆ. ಹಿಡಿಕೆಯ ಒಳಗಿನ ಪ್ಲಾಸ್ಟಿಕ್ ಗಾಲಿಗೆ ಕೇಬಲ್ ಸುತ್ತಿಕೊಳ್ಳುತ್ತದೆ. ಗಾಲಿಯ ತ್ರಿಜ್ಯ 16 ಮಿ.ಮೀ. ಇದೆ ಅಂದುಕೊಳ್ಳಿ. ಕೇಬಲ್ ಮೊದಲು ಸುತ್ತಿಕೊಳ್ಳುವ ಭಾಗದಲ್ಲಿ ಅದನ್ನು 14 ಮಾಡಿದರೆ ಅದೇ ತಿರುವಿಗೆ ಕೇಬಲ್ ಎಳೆತ ಅಲ್ಲಿ ಎಂಟರಲ್ಲಿ ಒಂದು ಪಾಲು ಕಡಿಮೆ. ಶುರುವಿನಲ್ಲಿ ಮೃದು, ಮುಂದೆ ಮೊದಲಿನ ಹಾಗೆ. ಮಾರ್ಕೆಟ್ಟಿನಲ್ಲಿ ಕೆಲವು ವಿದೇಶಿ ಗಾಡಿಗಳಿಗೆ ಸಿಗುವ ತಯಾರಿ ಎಕ್ಸಲರೇಟರ್ ಟ್ಯೂಬುಗಳೂ ಇದೇ ಲೆಕ್ಕದವು. ಮಾಡಲೇಬೇಕು ಅಂದರೆ ನಿಮ್ಮ ಗಾಡಿಯದ್ದೇ ಇನ್ನೊಂದು ಹೊಸ ಟ್ಯೂಬ್ ಕೊಂಡು ಅದನ್ನು ತೀಡಿ, ಹಳೆಯದನ್ನು ಇಟ್ಟುಕೊಳ್ಳಿ. ಕೇಬಲ್ ತಾನು ಕೂರುವ ತೋಡು ಬಿಡಬಾರದು, ಒರಟು ಅಂಚು ಇರಬಾರದು. ಹಾಕಿದ ಮೇಲೆ ಇಂಜಿನ್ ಬಂದ್ ಇಟ್ಟು, ಹ್ಯಾಂಡಲ್ ಎರಡೂ ಕೊನೆಯಲ್ಲಿದ್ದಾಗ, ಯಾವ ಜಾಗದಿಂದ ಬಿಟ್ಟರೂ ಹಿಡಿಕೆ ತಟ್ಟನೆ ವಾಪಸ್ ಬರಬೇಕು. ಒಂದು ಸಲ ಅಂಟಿಕೊಂಡರೂ ಆ ಟ್ಯೂಬ್ ಕಸದ ಬುಟ್ಟಿಗೆ. ಇದೇ ಕೆಲಸವನ್ನು ಥ್ರಾಟಲ್ ಬಾಡಿ ಬದಿಯ ಗಾಲಿಗೆ ಎಂಸೀಲ್ ಅಂಟಿಸಿ ದಪ್ಪ ಮಾಡಿ ಸಾಧಿಸುವವರೂ ಇದ್ದಾರೆ. ಅಂಟಿಸಿದ ತುಂಡು ಕಿತ್ತು ಕೇಬಲ್ ತೋಡಿನಿಂದ ಜಾರಿದರೆ ಥ್ರಾಟಲ್ ತೆರೆದೇ ನಿಲ್ಲುತ್ತದೆ. ಚೆನ್ನಮ್ಮ ಸರ್ಕಲ್ಲಿನಲ್ಲಿ ಹಾಗಾದರೆ ಏನಾಗುತ್ತದೆ ಅಂತ ಊಹಿಸಿಕೊಳ್ಳಿ. ಅದು ಮಾತ್ರ ಬೇಡವೇ ಬೇಡ.

ನಾನು ಹೇಳುವುದು ಇದಕ್ಕಿಂತ ಸರಳ: ಹಿಡಿಕೆಯನ್ನೇ ದಪ್ಪ ಮಾಡಿ. 32 ಮಿ.ಮೀ. ದಪ್ಪದ ಹಿಡಿಕೆ 36 ಆದರೆ, ನಿಮ್ಮ ಕೈ ಅಷ್ಟೇ ಸರಿದರೂ ಥ್ರಾಟಲ್ ಸುಮಾರು ಶೇ. 11 ಕಡಿಮೆ ತಿರುಗುತ್ತದೆ. ಹಿಡಿಕೆಯ ಮೇಲೆ ಎಳೆಯುವ ಫೋಮ್ ಕವರ್ ಸಾಕು, ಸೈಕಲ್ ಟ್ಯೂಬಿನ ತುಂಡು ಎಳೆದರೂ ನಡೆಯುತ್ತದೆ. ಇಷ್ಟವಾಗದಿದ್ದರೆ ಐದು ನಿಮಿಷದಲ್ಲಿ ತೆಗೆಯಬಹುದು. ಕವರ್ ಮಾತ್ರ ಸ್ವಿಚ್ ಡಬ್ಬಿಗೂ ಹ್ಯಾಂಡಲ್ ತುದಿಯ ತೂಕಕ್ಕೂ ತಾಗಬಾರದು, ಎರಡೂ ಕಡೆ ಸ್ವಲ್ಪ ಜಾಗ ಬಿಡಿ. ಕೈ ಬಹಳ ಚಿಕ್ಕದಿದ್ದವರಿಗೆ ಇದು ಆಯಾಸ ಕೊಡಬಹುದು.

ಓಡಿಸುವ ರೀತಿಯಲ್ಲೂ ಒಂದು ಬದಲಾವಣೆ ಮಾಡಿ ನೋಡಿ. ಸಂದಿಯಲ್ಲಿ ಎಕ್ಸಲರೇಟರ್ ಪೂರ್ತಿ ಬಿಡದೆ ಒಂಚೂರು ತೆರೆದೇ ಇಡಿ. ವೇಗವನ್ನು ಹಿಂದಿನ ಬ್ರೇಕ್ ಲಘುವಾಗಿ ಒತ್ತಿ, ಕ್ಲಚ್ ಅರ್ಧ ಹಿಡಿದು ಹಿಡಿತದಲ್ಲಿಡಿ. ಆಗ ಚೈನ್ ಸದಾ ಒಂದೇ ಕಡೆ ಬಿಗಿಯಾಗಿರುತ್ತದೆ, ಇಸಿಯು ಪೆಟ್ರೋಲ್ ನಿಲ್ಲಿಸುವ ಪ್ರಸಂಗವೂ ಬರುವುದಿಲ್ಲ. ಗುಂಡಿಯಲ್ಲಿ ಕೈ ಅಲುಗಿ ತಾನಾಗಿ ಎಕ್ಸಲರೇಟರ್ ಕೊಡುತ್ತಿದ್ದರೆ, ಹೆಬ್ಬೆರಳನ್ನು ಸ್ವಿಚ್ ಡಬ್ಬಿಗೆ ಆನಿಸಿಕೊಳ್ಳಿ. ಕ್ಲಚ್ಚನ್ನು ಕಿಲೋಮೀಟರ್‌ಗಟ್ಟಲೆ ಹೀಗೆ ಅರ್ಧ ಹಿಡಿಯಬೇಡಿ, ಪ್ಲೇಟ್ ಸವೆಯುತ್ತದೆ.

ಕೊನೆಯ ಪ್ರಶ್ನೆಗೆ: ಚೈನು, ಹಬ್ ರಬ್ಬರ್, ಕೇಬಲ್ ಇವಕ್ಕೆ ಹುಬ್ಬಳ್ಳಿಗೆ ಬರುವ ಅಗತ್ಯ ಇಲ್ಲ. ಗದಗದಲ್ಲೇ ಒಳ್ಳೆಯ ಮಿಸ್ತ್ರಿ ಸಿಗುತ್ತಾರೆ, ಎದುರಿಗೆ ನಿಂತು ಮಾಡಿಸಿ. ಥ್ರಾಟಲ್ ಬಾಡಿ ಒರೆಸಿದ ಮೇಲೆ ಐಡ್ಲಿಂಗ್ ಏರುಪೇರಾಗಿ ಎರಡು ಮೂರು ದಿನದಲ್ಲೂ ಸರಿಯಾಗದಿದ್ದರೆ, ಅಥವಾ ಮೀಟರಿನಲ್ಲಿ ಇಂಜಿನ್ ದೀಪ ಉರಿದರೆ, ಆಗ ಸ್ಕ್ಯಾನರ್ ಇರುವ ಕಂಪನಿ ಸರ್ವಿಸ್ ಸೆಂಟರಿಗೆ ಒಯ್ಯಿರಿ. "ಜರ್ಕ್ ಹೊಡೀತದೆ" ಅಂತ ಮಾತ್ರ ಹೇಳಿ ಬಿಟ್ಟುಬರಬೇಡಿ. ಎಷ್ಟನೇ ಗೇರಿನಲ್ಲಿ, ಎಷ್ಟು ವೇಗದಲ್ಲಿ, ಇಂಜಿನ್ ತಣ್ಣಗಿದ್ದಾಗಲೋ ಬಿಸಿಯಿದ್ದಾಗಲೋ, ಎಕ್ಸಲರೇಟರ್ ಬಿಟ್ಟಾಗಲೋ ಕೊಟ್ಟಾಗಲೋ ಅನ್ನುವುದನ್ನು ಜಾಬ್ ಕಾರ್ಡಿನಲ್ಲೇ ಬರೆಸಿ. ಆಮೇಲೆ ಮಿಸ್ತ್ರಿಯನ್ನೇ ಕೂರಿಸಿಕೊಂಡು ಒಂದು ಸುತ್ತು ಎರಡನೇ ಗೇರಿನಲ್ಲಿ ನಿಧಾನಕ್ಕೆ ಹೋಗಿಬನ್ನಿ.